ಸಹಾಯ ಬೇಕು: ಒಂಬತ್ತು ಜನ, ಎರಡು ದಿನದ ಸೈಕಲ್ ಪ್ರವಾಸ

ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ, ಭಾನುವಾರ ದಿನಕ್ಕೆ 65 ಕಿ.ಮೀ. ಸವಾರಿ. ಐವರು ಹಳೆಯ ಗೆಳೆಯರು, ನಾಲ್ವರು ಹೊಸಬರು. ಎರಡು ವಿಷಯಕ್ಕೆ ನಿಮ್ಮ ಸಲಹೆ ಬೇಕು.

ಮೊದಲನೆಯದು ರಿಪೇರಿ ಸಾಮಾನು. ನಾಲ್ಕು ಸೈಕಲ್ಲಿಗೆ 700×28 ಅಳತೆಯ ಟೈರು, ಪ್ರೆಸ್ಟಾ ವಾಲ್ವ್ (ಗಾಳಿ ತುಂಬುವ ತೆಳ್ಳನೆಯ ಮೂತಿ). ಮೂರಕ್ಕೆ 29 ಇಂಚು, ಎರಡಕ್ಕೆ 26 ಇಂಚು, ಈ ಐದಕ್ಕೂ ಶ್ರೇಡರ್ ವಾಲ್ವ್. ದಪ್ಪನೆಯ ಶ್ರೇಡರ್ ವಾಲ್ವ್ ಪ್ರೆಸ್ಟಾ ರಿಮ್ಮಿನ ಸಣ್ಣ ತೂತಿನಲ್ಲಿ ಇಳಿಯುವುದೇ ಇಲ್ಲ. ಹಾಗಾಗಿ ತಲಾ ಒಂದು ಟ್ಯೂಬ್ ಅವರವರ ಬಳಿ. ಸಾಮೂಹಿಕ ಚೀಲದಲ್ಲಿ ಅಳತೆಗೊಂದು ಹೆಚ್ಚುವರಿ ಟ್ಯೂಬ್, ಎರಡೂ ವಾಲ್ವಿಗೆ ಹೊಂದುವ ಎರಡು ಪಂಪು, ಪ್ಯಾಚು, ಟೈರ್ ಲಿವರ್, ಚೈನ್ ಟೂಲ್. ಚೈನುಗಳು 8, 9, 11 ಸ್ಪೀಡಿನವು (ಹಿಂದಿನ ಗೇರುಗಳ ಲೆಕ್ಕ), ಅದಕ್ಕೆ ತಕ್ಕ ಕ್ವಿಕ್ ಲಿಂಕ್, ಅಂದರೆ ತುಂಡಾದ ಚೈನ್ ಜೋಡಿಸುವ ಕೊಂಡಿ, ಇಟ್ಟಿದ್ದೇವೆ. ತೊಡಕಿರುವುದು ಡಿರೇಲರ್ ಹ್ಯಾಂಗರಿನದು (ಗೇರು ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಲೋಹದ ತುಂಡು): ಮಾಡೆಲ್ಲಿಗೊಂದು ಆಕಾರ, ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುವುದೂ ಅದೇ. ಒಂಬತ್ತು ಸೈಕಲ್ಲಿನ ಹ್ಯಾಂಗರೂ ಹೊರಬೇಕೇ, ಮುರಿದರೆ ಚೈನ್ ಮೊಟಕು ಮಾಡಿ ಒಂದೇ ಗೇರಿನಲ್ಲಿ ಊರು ಮುಟ್ಟಿದರೆ ಸಾಕೇ?

ಎರಡನೆಯದು ವೇಗ. ಹೆಚ್ಚು ಚಿಂತೆ ಇದರದ್ದೇ. ಹಳಬರು ಗಂಟೆಗೆ 24 ಕಿ.ಮೀ., ಹೊಸಬರು 16. ಏರಿನ ತುದಿಯಲ್ಲಿ ಕಾದವರು ಹಿಂದಿನವರು ಬಂದ ತಕ್ಷಣ ಹೊರಟರೆ, ದಣಿದವರಿಗೇ ವಿಶ್ರಾಂತಿ ತಪ್ಪುತ್ತದೆ. ಕೊನೆಯವರು ಬಂದ ಮೇಲೆ ಐದು ನಿಮಿಷ ನಿಲ್ಲುವುದು, ಹಿಂದೆ ಒಬ್ಬ ಅನುಭವಿ ಇರುವುದು ಖಚಿತ. ಪ್ರತಿ 15 ಕಿ.ಮೀ.ಗೆ ಎಲ್ಲರೂ ಸೇರಿದರೆ ಸಾಕೇ, ತಿರುವು ತಿರುವಿಗೂ ಒಬ್ಬರನ್ನು ನಿಲ್ಲಿಸಬೇಕೇ? ಇಂಥ ಮಿಶ್ರ ಗುಂಪು ನಡೆಸಿದವರು ದಯವಿಟ್ಟು ತಿಳಿಸಿ.