ಹಾಡು ಶುರುವಾದ ಕೂಡಲೇ ಸಿನಿಮಾ ಬೇರೆಯಾಗಿಬಿಡುತ್ತೆ, ಏನು ಮಾಡೋದು? ಹಳೇ ಮ್ಯೂಸಿಕಲ್‌ಗಳ ಸಂಕಲನ, ಸದ್ದು ಬಲ್ಲವರು ಹೇಳಿ

ಕೇಳ್ತಿರೋದು: ಕಿರುಚಿತ್ರ ತಂಡ, ಬಸವನಗುಡಿ

ಇಪ್ಪತ್ತು ನಿಮಿಷದ ಚಿತ್ರ. ನಡುವೆ ಒಂದೇ ಹಾಡು, 3 ನಿಮಿಷ 40 ಸೆಕೆಂಡು. ಹೂ ಕಟ್ಟುವ ಹುಡುಗಿ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ನಿಂದ ಹೊರಟು ಮನೆ ಜಗಲಿ ಸೇರ್ತಾಳೆ, ಅಲ್ಲಿ ಕುಣೀತಾಳೆ. ಟ್ರಯಲ್ ಶೂಟ್ ಮಾಡಿ ಜೋಡಿಸಿದ್ದೀವಿ. ತೊಂದರೆ ಎರಡು. ಜಗಲಿಯ ಮಾತು ಮುಗಿದು ಹಾಡು ಶುರುವಾದ ಕೂಡಲೇ ಬೇರೆ ಯಾವುದೋ ಸಿನಿಮಾ ಹಾಕಿದ ಹಾಗಿದೆ. ಇನ್ನೊಂದು, ಎದುರಿಗೆ ನೋಡಿದಾಗ ಚೆನ್ನಾಗಿದ್ದ ಕುಣಿತ ಪರದೆ ಮೇಲೆ ಸಪ್ಪೆ. ಹಳೇ ಮ್ಯೂಸಿಕಲ್ (ಹಾಡು, ಕುಣಿತದಲ್ಲೇ ಕಥೆ ಹೇಳುವ ಸಿನಿಮಾ) ನೋಡಿ ಕಲೀರಿ ಅಂತಾರೆ. ನೋಡೋವಾಗ ಯಾವುದರ ಮೇಲೆ ಕಣ್ಣು, ಕಿವಿ ಇಡಬೇಕು? ಅದನ್ನ ನಮ್ಮ ಟೈಮ್‌ಲೈನ್‌ಗೆ (ಶಾಟ್, ಸದ್ದು ಸಾಲಾಗಿ ಜೋಡಿಸುವ ಸಂಕಲನದ ಪಟ್ಟಿಗೆ) ಹೇಗೆ ತರೋದು?

ಸೌಂಡ್ ಮಿಕ್ಸಿಂಗ್, ಬನಶಂಕರಿ

ಮೊದಲನೇ ತೊಂದರೆ ಸಂಕಲನದ್ದಲ್ಲ, ಸದ್ದಿನದು. ಮಾತು ಜಗಲಿಯಲ್ಲಿ ರೆಕಾರ್ಡ್ ಆಗಿದೆ: ಗೋಡೆಯ ಪ್ರತಿಧ್ವನಿ, ಕಾಗೆ, ದೂರದ ಆಟೋ ಎಲ್ಲ ಅದರೊಳಗಿದೆ. ಹಾಡು ಸ್ಟುಡಿಯೋದಲ್ಲಿ ಬಾಯಿಗೆ ಅರ್ಧ ಅಡಿ ದೂರದ ಮೈಕ್‌ನಲ್ಲಿ ಆಗಿದೆ, ಮೇಲೆ ರಿವರ್ಬ್ (ಆಮೇಲೆ ಸೇರಿಸಿದ ಅನುರಣನ) ಬೇರೆ. ಎರಡರ ನಡುವೆ ನೇರ ಕಟ್ ಮಾಡಿದರೆ ಕಣ್ಣು ಒಪ್ಪಿಕೊಂಡರೂ ಕಿವಿ ಒಪ್ಪಲ್ಲ.

ಹೀಗೆ ಮಾಡಿ. ಗಾಯಕಿ ಹತ್ತಿರ ಪಲ್ಲವಿಯ ಮೊದಲ ಸಾಲನ್ನು ಎರಡು ಥರ ಹಾಡಿಸಿಕೊಳ್ಳಿ. ಒಂದು ಮಾಮೂಲಿ ಟೇಕ್. ಇನ್ನೊಂದು ಮೈಕ್‌ನಿಂದ ಮೂರಡಿ ಹಿಂದೆ ನಿಂತು, ಅರ್ಧ ದನಿಯಲ್ಲಿ, ಗುನುಗುವ ಹಾಗೆ. ಸಿನಿಮಾದಲ್ಲಿ ಮೊದಲ ಸಾಲಿಗೆ ಈ ಎರಡನೇದನ್ನೇ ಹಾಕಿ, ರಿವರ್ಬ್ ಬೇಡ, ಕೆಳಗೆ ಜಗಲಿಯ ರೂಮ್ ಟೋನ್ (ಯಾರೂ ಮಾತಾಡದಾಗಿನ ಆ ಜಾಗದ ಸದ್ದು) ಓಡ್ತಾ ಇರಲಿ. ಸಾಲು ಪುನರಾವರ್ತನೆ ಆಗುವಾಗ ಸ್ಟುಡಿಯೋ ದನಿಗೆ ದಾಟಿ. ದಾಟೋ ಜಾಗ ಉಸಿರಿನ ಮೇಲೋ ವ್ಯಂಜನದ ಮೇಲೋ ಇರಬೇಕು. ಎಳೆದ ಸ್ವರದ ನಡುವೆ ದಾಟಿದರೆ ದನಿಯ ಬಣ್ಣ ಬದಲಾಗಿದ್ದು ಸ್ಪಷ್ಟವಾಗಿ ಕೇಳಿಸುತ್ತೆ. ವಾದ್ಯಗಳೂ ಒಟ್ಟಿಗೆ ನುಗ್ಗಬಾರದು. ಕೊನೇ ಮಾತಿನ ಅಡಿಯಲ್ಲೇ ತಂಬೂರಿಯೋ ಒಂದೇ ಕೊಳಲೋ ನಾಲ್ಕು ಬೀಟ್ ಮೊದಲು ಶುರುವಾಗಲಿ.

ಎಲ್ಲಕ್ಕಿಂತ ಹೆಚ್ಚಾಗಿ ಕೆಡೋದು ಒಂದು ಜಾಗದಲ್ಲಿ: ಹಾಡು ಬಂತು ಅಂತ ಪರಿಸರದ ಸದ್ದನ್ನು ಪೂರ್ತಿ ಮ್ಯೂಟ್ ಮಾಡೋದು. ಮಾಡಬೇಡಿ. ಐದಾರು ಸೆಕೆಂಡಿನಲ್ಲಿ ನಿಧಾನವಾಗಿ 10ರಿಂದ 12 ಡೆಸಿಬೆಲ್ ಇಳಿಸಿ ಅಲ್ಲೇ ನಿಲ್ಲಿಸಿ. ಚರಣಗಳ ನಡುವಿನ ಬಿಜಿಎಂನಲ್ಲಿ ಸ್ವಲ್ಪ ಏರಿಸಿ. ಇದಕ್ಕೆ ರೂಮ್ ಟೋನ್ ಬೇಕೇ ಬೇಕು. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಬಸವನಗುಡಿಯಲ್ಲಿ ಎಂಟು ಗಂಟೆ ಮೇಲೆ ಅದು ಸಿಗೋದು ಕಷ್ಟ, ಆರೂವರೆಗೇ ಮುಗಿಸಿ.

ಶ್ರುತಿಯನ್ನೂ ನೋಡ್ಕೊಳ್ಳಿ. ದೇವಸ್ಥಾನದ ಗಂಟೆ, ಕುಕ್ಕರ್ ವಿಷಲ್, ರೈಲಿನ ಹಾರನ್‌ಗೆ ಅವುಗಳದೇ ಸ್ವರ ಇರುತ್ತೆ. ಹಾಡಿನ ಶ್ರುತಿಗೆ ಅರ್ಧ ಸ್ವರ ಪಕ್ಕದಲ್ಲಿ ಬಿದ್ದರೆ ಗಾಯಕಿಯೇ ಅಪಸ್ವರ ಹಾಡಿದ ಹಾಗೆ ಕೇಳಿಸುತ್ತೆ. ಗಂಟೆಯನ್ನು ಪಿಚ್ ಬದಲಿಸಿ ಶ್ರುತಿಗೆ ಕೂರಿಸಿ, ಇಲ್ಲಾಂದ್ರೆ ತೆಗೀರಿ.

ಸಂಕಲನಕಾರ, ಚಾಮರಾಜಪೇಟೆ

ಮೇಲಿನವರು ಹೇಳಿದ್ದು ಸರಿ. ಎರಡನೇ ತೊಂದರೆ ಮಾತ್ರ ನಮ್ಮ ಟೇಬಲ್‌ನದು. ಕುಣಿತ ಸಪ್ಪೆ ಅನ್ಸಿದರೆ ಕಟ್ ಹೆಚ್ಚಾಗಿದೆ ಅಂತಲೇ ಲೆಕ್ಕ, ಕಮ್ಮಿ ಆಗಿ ಸಪ್ಪೆಯಾಗೋದು ಅಪರೂಪ.

ಹಾಲಿವುಡ್ ನರ್ತಕ, ನಟ ಫ್ರೆಡ್ ಅಸ್ಟೇರ್ ಕುಣಿತಗಳನ್ನು ನೋಡಿ. ತಲೆಯಿಂದ ಪಾದದವರೆಗೆ ಮೈ ಪೂರ್ತಿ ಫ್ರೇಮಿನಲ್ಲಿ, ಶಾಟ್ ಉದ್ದ, ನಡುವೆ ಯಾರದೋ ಮುಖದ ಕ್ಲೋಸಪ್ ಇಲ್ಲ. 1952ರ ‘ಸಿಂಗಿಂಗ್ ಇನ್ ದ ರೇನ್’ ಶೀರ್ಷಿಕೆ ಹಾಡಲ್ಲೂ ಬೆರಳೆಣಿಕೆಯ ಶಾಟ್‌ಗಳೇ ಇರೋದು. ನಾಯಕ ಜೀನ್ ಕೆಲಿ ಕೊಡೆ ಹಿಡಿದು ರಸ್ತೆಗೆ ಇಳಿದು ಸುತ್ತುವಾಗ ಕ್ರೇನ್ ಮೇಲಿನ ಕ್ಯಾಮೆರಾ ಹಿಂದಕ್ಕೆ, ಮೇಲಕ್ಕೆ ಹೋಗುತ್ತೆ. ವಾದ್ಯಮೇಳ ತುಂಬಿಕೊಳ್ಳೋದೂ ಅಲ್ಲೇ. ನಾವು ಇವತ್ತು ಆರು ಕಟ್‌ನಲ್ಲಿ ತರಲು ಒದ್ದಾಡುವ ಏರಿಕೆಯನ್ನು ಅಲ್ಲಿ ಕ್ಯಾಮೆರಾದ ಒಂದು ಚಲನೆ ತರುತ್ತೆ.

ಕಟ್ ಎಲ್ಲಿ ಬೇಕು ಅಂತ ಕೇಳಿದ್ರೆ, ಚಲನೆ ಶುರುವಾಗಿ ಮುಗಿಯುವ ಮೊದಲು. ಕಾಲು ಎತ್ತಿದಾಗ ಕಟ್, ಊರುವುದು ಮುಂದಿನ ಶಾಟ್‌ನಲ್ಲಿ. ಸುತ್ತಿನ ಮಧ್ಯೆ ಬೇಡ, ಎಷ್ಟು ಸುತ್ತು ಸುತ್ತಿದಳು ಅನ್ನೋದು ನೋಡುವವರಿಗೆ ತಪ್ಪಿಹೋಗುತ್ತೆ. ಬೀಟ್ ಮೇಲೇ ಕಟ್ ಮಾಡೋದಾದರೆ ಒಂದೆರಡು ಫ್ರೇಮ್ ಮೊದಲೇ ಮಾಡಿ. ಹೊಸ ಚಿತ್ರಕ್ಕೆ ಕಣ್ಣು ಹೊಂದಿಕೊಳ್ಳೋಕೆ ಅಷ್ಟು ಹೊತ್ತು ಬೇಕು. ಸರಿಯಾಗಿ ಬೀಟ್ ಮೇಲಿಟ್ಟರೆ ತಡವಾದ ಹಾಗೆ ಕಾಣುತ್ತೆ. ಪ್ರತಿ ಬೀಟಿಗೂ ಕಟ್ ಇಟ್ಟರಂತೂ ಹತ್ತು ಸೆಕೆಂಡಿನಲ್ಲಿ ನೋಡುವವರು ಮುಂದಿನ ಕಟ್ ಎಲ್ಲಿ ಅಂತ ಊಹಿಸ್ತಾರೆ, ಅಲ್ಲಿಗೆ ಹಾಡು ಮುಗೀತು.

ಲೆಕ್ಕ ಬೇಕಿದ್ದರೆ: ಸೆಕೆಂಡಿಗೆ 24 ಫ್ರೇಮ್ ಇದ್ದಾಗ 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಹಾಡಿನ ಒಂದು ಬೀಟ್ 12 ಫ್ರೇಮ್, 96ಕ್ಕೆ 15, 80ಕ್ಕೆ 18. ಈ ಮೂರು ವೇಗಕ್ಕೆ ಪೂರ್ಣಾಂಕ ಬರುತ್ತೆ. 100 ಬಿಪಿಎಂ ಅಂದರೆ 14.4, ಫ್ರೇಮ್ ಎಣಿಸಿ ಕೂರಿಸ್ತಾ ಹೋದರೆ ಎಂಟು ಬೀಟಿಗೆ ಮೂರು ಫ್ರೇಮ್ ಜಾರಿರುತ್ತೆ. ಹಾಗಾಗಿ ವೇವ್‌ಫಾರ್ಮ್ (ಸದ್ದಿನ ಅಲೆಯ ಚಿತ್ರ) ಮೇಲೆ ಮಾರ್ಕರ್ ಹಾಕಿ, ಎಣಿಸಬೇಡಿ.

ನೃತ್ಯ ಸಂಯೋಜಕಿ, ಮಲ್ಲೇಶ್ವರ

ಸಂಕಲನದ ಮೇಜಿಗೆ ಬರೋಕೆ ಮೊದಲೇ ಅರ್ಧ ಕೆಟ್ಟಿರುತ್ತೆ ಸರ್. ಪಾದ ಕತ್ತರಿಸಿ ಫ್ರೇಮ್ ಇಟ್ಟರೆ ಯಾವ ಕಟ್ಟೂ ಉಳಿಸಲ್ಲ. ಪಾದದ ಕೆಳಗೆ ಕನಿಷ್ಠ ಒಂದು ಗೇಣು ನೆಲ ಕಾಣಲಿ, ಇಲ್ಲದಿದ್ರೆ ಕುಣಿಯುವವಳು ತೇಲ್ತಿರೋ ಹಾಗೆ ಇರುತ್ತೆ.

ಕುಣಿತಕ್ಕೆ ತೂಕ ಕೊಡೋದು ಕಾಲಿನ ಸದ್ದು. ಹಾಲಿವುಡ್ ಮ್ಯೂಸಿಕಲ್‌ಗಳ ಟ್ಯಾಪ್ ಕುಣಿತದ ಶೂ ಸದ್ದು ಬಹುಪಾಲು ಚಿತ್ರೀಕರಣದ್ದಲ್ಲ. ಆಮೇಲೆ ಪರದೆಯಲ್ಲಿ ಚಿತ್ರ ನೋಡ್ತಾ, ಕಿವಿಯಲ್ಲಿ ಹಾಡು ಕೇಳ್ತಾ ಮತ್ತೆ ಕುಣಿದು ರೆಕಾರ್ಡ್ ಮಾಡಿದ್ದು. ನಿಮ್ಮ ಜಗಲಿ ಕುಣಿತಕ್ಕೂ ಅದೇ ಮಾಡಿ. ಬರಿಗಾಲಿನ ತಟ್ಟು ಬೇರೆ, ಗೆಜ್ಜೆ ಬೇರೆ ಟ್ರ್ಯಾಕ್. ತಟ್ಟನ್ನು ಕಡಪ ಕಲ್ಲಿನ ಮೇಲೆ ಹಿಡಿದರೆ ‘ಚಪ್’ ಅನ್ನುವ ಚರ್ಮದ ಸದ್ದಷ್ಟೇ ಬರುತ್ತೆ. ಕೆಳಗೆ ಟೊಳ್ಳಿರುವ ಮರದ ಹಲಗೆ ಮೇಲೆ ಇನ್ನೊಂದು ಸಲ ಹಿಡಿದು ಎರಡನ್ನೂ ಬೆರೆಸಿ, ಆಗ ಅಡಿಯ ಗುಮ್ಮು ಸಿಗುತ್ತೆ. ಗೆಜ್ಜೆಗೆ ಮೈಕ್ ಒಂದೂವರೆ ಅಡಿ ದೂರ, ಸ್ವಲ್ಪ ಓರೆಯಾಗಿ. ನೇರ ಹಿಡಿದರೆ ಕಿವಿ ಕೊರೆಯುತ್ತೆ.

ಎಲ್ಲ ಹೆಜ್ಜೆಗೂ ಸದ್ದು ಹಾಕೋ ಆಸೆ ಬರುತ್ತೆ. ಬೇಡ. ಆದಿತಾಳದ ಎಂಟರಲ್ಲಿ ಎರಡೋ ಮೂರೋ ಕಡೆ, ಮುಕ್ತಾಯದಲ್ಲಿ ಮೂರು ಸಲ ಬರುವ ಹೆಜ್ಜೆಗೆ ಮಾತ್ರ ಪೂರ್ತಿ. ಹಾಡುವವರ ‘ಸ’, ‘ಚ’ ಇರೋ ಜಾಗದಲ್ಲೇ ಗೆಜ್ಜೆಯ ಸದ್ದೂ ಕೂರೋದರಿಂದ ಸಾಹಿತ್ಯ ಮುಚ್ಚಿಹೋಗುತ್ತೆ. ದನಿ ಇರುವಾಗ ಗೆಜ್ಜೆ ಇಳಿಸಿ, ಸ್ವರ ಬಿಟ್ಟ ಜಾಗದಲ್ಲಿ ಏರಿಸಿ.

ಚಿತ್ರಸಮಾಜದ ಹಳೇ ಸದಸ್ಯ, ಜಯನಗರ

ಏನು ನೋಡಬೇಕು ಅಂತಲೂ ಕೇಳಿದ್ದಾರೆ. ಮೂರು ನಾಲ್ಕು ಸಾಕು, ಆದರೆ ಒಂದೊಂದನ್ನೂ ಒಂದೊಂದು ಕಾರಣಕ್ಕೆ ನೋಡಿ.

ನಿಮ್ಮ ಮಾರ್ಕೆಟ್ ಭಾಗಕ್ಕೆ 1932ರ ‘ಲವ್ ಮಿ ಟುನೈಟ್’ನ ಮೊದಲ ನಿಮಿಷಗಳು. ನಿರ್ದೇಶಕ ರೂಬೆನ್ ಮಮೂಲಿಯನ್. ಪ್ಯಾರಿಸ್ ಏಳುತ್ತಿದೆ: ರಸ್ತೆ ಅಗೆಯುವವನ ಏಟು, ಯಾರದೋ ಗೊರಕೆ, ಪೊರಕೆ, ಚಪ್ಪಲಿ ಹೊಲಿಯುವವರ ಸುತ್ತಿಗೆ. ಒಂದಾದ ಮೇಲೊಂದು ಸೇರಿ ಲಯವಾಗುತ್ತೆ, ಸಂಗೀತ ಆಮೇಲೆ. ಮಾರ್ಕೆಟ್‌ನಲ್ಲಿ ನಿಮಗೆ ಶಟರ್, ಪೊರಕೆ, ಬಾಳೆ ಎಲೆ ಕಟ್ಟು ನೆಲಕ್ಕೆ ಬೀಳೋದು, ತಕ್ಕಡಿ ಎಲ್ಲ ಇದೆ. ಹೊಸ ಸದ್ದು ಬರುವಾಗ ಅದರ ಚಿತ್ರ ಒಂದು ಸಲ ತೋರಿಸಿ. ಆಮೇಲೆ ಚಿತ್ರ ಬೇರೆಡೆ ಹೋದರೂ ಸದ್ದು ಅದೇ ತಾಳದಲ್ಲಿ ಮುಂದುವರಿಯಲಿ. ನಾಲ್ಕು ಸದ್ದು ಮೀರಬೇಡಿ, ಐದನೇದು ಬಂದರೆ ಗಲಾಟೆ.

‘ದ ಸೌಂಡ್ ಆಫ್ ಮ್ಯೂಸಿಕ್’ನ (1965) ‘ಡೊ ರೆ ಮಿ’ಯಲ್ಲಿ ಸಾಲ್ಜ್‌ಬರ್ಗ್‌ನ ಜಾಗಗಳು ಸಾಲಿಗೊಂದರಂತೆ ಬದಲಾಗ್ತವೆ. ಹಾಡಿನ ಸದ್ದು ಮಾತ್ರ ಜಾಗಕ್ಕೆ ತಕ್ಕ ಹಾಗೆ ಬದಲಾಗಲ್ಲ. ಸಂಕಲನಕಾರ ವಿಲಿಯಂ ರೆನಾಲ್ಡ್ಸ್ ಅಷ್ಟು ಧೈರ್ಯವಾಗಿ ಜಿಗಿಯಲು ಆಗಿದ್ದು ಅದರಿಂದಲೇ. ಮಾರ್ಕೆಟ್‌ನಿಂದ ಜಗಲಿಗೆ ಜಿಗಿಯುವಾಗ ಪ್ರತಿ ಜಾಗಕ್ಕೂ ಬೇರೆ ರಿವರ್ಬ್ ಹಾಕೋ ಬುದ್ಧಿವಂತಿಕೆ ತೋರಿಸಬೇಡಿ.

ತುಟಿ ಅಲ್ಲಾಡಿಸಲೇಬೇಕಾ ಅಂತಲೂ ಯೋಚಿಸಿ. 1959ರ ‘ಕಾಗಜ್ ಕೆ ಫೂಲ್’ನ ‘ವಕ್ತ್ ನೆ ಕಿಯಾ’ ಹಾಡನ್ನು ಪರದೆ ಮೇಲೆ ಯಾರೂ ಹಾಡಲ್ಲ. ಇಬ್ಬರು ನಿಂತಿದ್ದಾರೆ, ಮೇಲಿನಿಂದ ಬೆಳಕಿನ ಕೋಲು. ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು, ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ತುಟಿ ಇಲ್ಲ ಅಂದ ಕೂಡಲೇ ಸಂಕಲನಕ್ಕೆ ಪೂರ್ತಿ ಸ್ವಾತಂತ್ರ್ಯ. ಮಾರ್ಕೆಟ್ ಭಾಗ ತುಟಿ ಇಲ್ಲದೆ, ಜಗಲಿ ಭಾಗ ತುಟಿ ಇಟ್ಟು ಮಾಡಿದರೆ ನಿಮ್ಮ ಶೂಟಿಂಗ್ ಖರ್ಚೂ ಕಮ್ಮಿ.

ಚಾಮರಾಜಪೇಟೆಯವರ ಮಾತಿಗೆ ಒಂದು ತಕರಾರು. ಕಟ್ ಹೆಚ್ಚಾದರೆ ಸಪ್ಪೆ ಅನ್ನೋದು ನಿಯಮ ಅಲ್ಲ. 1972ರ ‘ಕ್ಯಾಬರೆ’ಯಲ್ಲಿ ವೇದಿಕೆ ಮೇಲೆ ಕೆನ್ನೆ, ತೊಡೆ ತಟ್ಟುವ ಜಾನಪದ ಕುಣಿತ, ಹೊರಗೆ ನಾಜಿಗಳು ಕ್ಲಬ್ಬಿನವನನ್ನು ಹೊಡೆಯೋದು, ಎರಡನ್ನೂ ಚಕಚಕ ಕತ್ತರಿಸಿ ಹೆಣೆದಿದ್ದಾರೆ. ತಟ್ಟಿನ ಸದ್ದು ಯಾವುದು, ಏಟಿನದು ಯಾವುದು ಅಂತ ಗೊತ್ತಾಗದ ಹಾಗಾಗುತ್ತೆ. ಕತ್ತರಿಸೋಕೆ ಕಾರಣ ಇರಬೇಕು, ಅಷ್ಟೇ.

ಸಂಕಲನಕಾರ, ಚಾಮರಾಜಪೇಟೆ

ಒಪ್ಪಿದೆ ಸರ್. ಎರಡು ಕಥೆ ಹೆಣೆಯುವಾಗ ಹಾಗೆ. ಜಗಲಿ ಮೇಲೆ ಒಬ್ಬಳೇ ಕುಣಿಯುವಾಗ ನನ್ನ ಮಾತೇ ಇರಲಿ.

ಪ್ಲೇಬ್ಯಾಕ್ ಮತ್ತು ಸಿಂಕ್, ರಾಜಾಜಿನಗರ

ಹಾಡು ಮೊದಲು ರೆಕಾರ್ಡ್ ಮಾಡಿ, ಅದನ್ನು ಹಾಕಿ ಚಿತ್ರೀಕರಿಸುವ ಪದ್ಧತಿ ಹಾಲಿವುಡ್‌ನಲ್ಲಿ 1929ರ ‘ಬ್ರಾಡ್‌ವೇ ಮೆಲೊಡಿ’ ಹೊತ್ತಿಗೆ, ನಮ್ಮಲ್ಲಿ 1935ರ ‘ಧೂಪ್ ಛಾಂವ್’ನಲ್ಲಿ ಬಂತು. ಆವತ್ತಿನಿಂದಲೂ ಕಾಡೋದು ಸಿಂಕೇ, ಅಂದರೆ ತುಟಿಗೂ ಹಾಡಿಗೂ ಹೊಂದಿಕೆ. ಈಗಿನ ತಪ್ಪುಗಳು ಹೀಗೆ ಆಗ್ತವೆ.

ಶಬ್ದಕ್ಕೆ 14 ಮೀಟರ್ ದಾಟಲು ಸುಮಾರು ಒಂದು ಫ್ರೇಮ್ ಬೇಕು. ಸ್ಪೀಕರ್ ಕ್ಯಾಮೆರಾ ಪಕ್ಕ, ಹುಡುಗಿ 30 ಮೀಟರ್ ಆಚೆ ಅಂದರೆ ಅವಳ ತುಟಿ ಎರಡು ಫ್ರೇಮ್ ತಡ. ಸ್ಪೀಕರನ್ನು ಅವಳ ಹತ್ತಿರ ಬಚ್ಚಿಡಿ, ಕ್ಯಾಮೆರಾಗೆ ಹಾಡನ್ನು ವೈರ್‌ನಲ್ಲಿ ಕೊಡಿ. ಬ್ಲೂಟೂತ್ ಸ್ಪೀಕರ್ ಬೇಡ. ಅದು ಸದ್ದನ್ನು ತಡಮಾಡಿ ಕೊಡುತ್ತೆ, ಕ್ಯಾಮೆರಾಗೆ ವೈರ್‌ನಲ್ಲಿ ಹೋದ ಹಾಡಿಗೂ ಅವಳಿಗೆ ಕೇಳಿದ್ದಕ್ಕೂ ಹಲವು ಫ್ರೇಮ್ ವ್ಯತ್ಯಾಸ ಬಂದುಬಿಡುತ್ತೆ.

ಕ್ಯಾಮೆರಾ ಸೆಕೆಂಡಿಗೆ 23.976 ಫ್ರೇಮಿನಲ್ಲಿ, ಟೈಮ್‌ಲೈನ್ 24ರಲ್ಲಿ ಇದ್ದರೆ, ಕ್ಲಿಪ್ಪನ್ನು 24 ಅಂತ ಓದಿಸಿದಾಗ ನಿಮ್ಮ 3:40ರ ಹಾಡಿನ ಕೊನೆಗೆ ಐದು ಫ್ರೇಮ್ ಓಡಿಹೋಗಿರುತ್ತೆ. ಶುರುವಲ್ಲಿ ಸರಿ, ಕೊನೆಯಲ್ಲಿ ತಪ್ಪು ಅಂದರೆ ಮೊದಲು ಇದನ್ನೇ ನೋಡಿ. ಮೊಬೈಲ್ ಶಾಟ್‌ಗಳಲ್ಲಿ ಫ್ರೇಮ್ ದರ ಏರಿಳಿಯುತ್ತೆ, ಜೋಡಿಸುವ ಮೊದಲೇ ಸ್ಥಿರ ದರಕ್ಕೆ ಬದಲಿಸಿ. ಹಾಡಿನ ಫೈಲ್ 48 ಕಿಲೋಹರ್ಟ್ಸ್ ವೇವ್ (.wav) ಇರಲಿ, ಎಂಪಿ3 ಬೇಡ. ಪ್ರತಿ ಟೇಕಿನ ಫೈಲಿಗೂ ಮುಂದೆ ನಾಲ್ಕು ಕ್ಲಿಕ್ ಸೇರಿಸಿ, ಕಲಾವಿದೆ ಎಲ್ಲಿಂದ ಹಿಡಿಯಬೇಕು ಅಂತ ಗೊತ್ತಾಗುತ್ತೆ.

ಸ್ಲೋ ಮೋಷನ್ ಆಸೆ ಇದ್ದರೆ: 1972ರ ‘ನಾಗರಹಾವು’ವಿನ ‘ಬಾರೆ ಬಾರೆ’ ಕನ್ನಡಿಗರಿಗೆಲ್ಲ ಗೊತ್ತು. ತುಟಿ ಕೂಡ ಕೂರಬೇಕು ಅಂದರೆ 48 ಫ್ರೇಮಿನಲ್ಲಿ ಚಿತ್ರೀಕರಿಸುವಾಗ ಹಾಡನ್ನು ದುಪ್ಪಟ್ಟು ವೇಗದಲ್ಲಿ ಹಾಕಬೇಕು. ಆ ವೇಗಕ್ಕೆ ಬಾಯಿ ಆಡಿಸಲು ಅವಳಿಗೆ ಅಭ್ಯಾಸ ಬೇಕು. ಎರಡು ಸಾಲಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮಾರ್ಕೆಟ್ ಭಾಗದಲ್ಲಿ ತುಟಿ ತೆಗೀತಿದ್ದೀವಿ. ಇನ್ನೆರಡು ಪ್ರಶ್ನೆ. ಜಗಲಿ ಕುಣಿತದ ನಡುವೆ ಅಜ್ಜಿ ಒಂದು ಮಾತು ಆಡ್ತಾರೆ, ಅದು ಲೈವ್ ಬೇಕು. ಹಾಡು ಓಡ್ತಿದ್ದರೆ ಮಾತು ಹೇಗೆ ಹಿಡಿಯೋದು? ಹಾಡು ಮುಗಿಸೋದು ಹೇಗೆ?

ಸೌಂಡ್ ಮಿಕ್ಸಿಂಗ್, ಬನಶಂಕರಿ

ಮಾತು ಬರುವ ಜಾಗದಲ್ಲಿ ಹಾಡು ತೆಗೆದು ಅದೇ ತಾಳದಲ್ಲಿ 40 ಹರ್ಟ್ಸ್‌ನ (ತೀರಾ ತಗ್ಗು ಸ್ವರದ) ಗುದ್ದು ಮಾತ್ರ ಓಡಿಸಿ. ಕುಣಿಯುವವಳಿಗೆ ನೆಲದಲ್ಲಿ ಬೀಟ್ ಸಿಗುತ್ತೆ, ಆಮೇಲೆ 80 ಹರ್ಟ್ಸ್ ಕೆಳಗಿನದನ್ನು ಫಿಲ್ಟರ್ ಮಾಡಿದರೆ ಅಜ್ಜಿ ದನಿ ಉಳಿಯುತ್ತೆ. ಇದಕ್ಕೆ ದೊಡ್ಡ ಕೋನ್ ಇರೋ ಸಬ್‌ವೂಫರ್ ಬಾಡಿಗೆಗೆ ತನ್ನಿ, ಸಣ್ಣ ಸ್ಪೀಕರ್ 40ನ್ನು ನುಡಿಸೋದೇ ಇಲ್ಲ. ಗುದ್ದಿಗೆ ಕಿಟಕಿ ಗಾಜು, ಪಾತ್ರೆ ಅದುರುತ್ತವೆ. ಆ ಸದ್ದು ಫಿಲ್ಟರ್‌ಗೆ ಸಿಗಲ್ಲ, ಮೊದಲೇ ತೆಗೆದಿಡಿ.

ಮುಗಿಸೋದಕ್ಕೆ, ಜೀನ್ ಕೆಲಿ ಹಾಡಿನ ಕೊನೆ ನೋಡಿ. ಪೊಲೀಸ್ ಬಂದು ನಿಂತ ಮೇಲೆ ಕುಣಿತ ನಿಲ್ಲುತ್ತೆ, ಸಂಗೀತ ಇಳಿಯುತ್ತೆ, ಅವನು ನಡೆದು ಹೋಗ್ತಾ ದಾರಿಹೋಕನಿಗೆ ಕೊಡೆ ಕೊಡ್ತಾನೆ. ಕೊನೇ ಬೀಟಿಗೆ ಕಟ್ ಮಾಡಿ ಓಡಿಹೋಗಲ್ಲ. ನಿಮ್ಮದರಲ್ಲಿ ಕೊನೇ ಸ್ವರ ಆರುವ ಮೊದಲೇ ಜಗಲಿಯ ರೂಮ್ ಟೋನ್ ಮೊದಲಿನ ಮಟ್ಟಕ್ಕೆ ವಾಪಸ್ ಬಂದಿರಲಿ. ಕುಣಿದವಳ ಏದುಸಿರನ್ನು ಸ್ಥಳದಲ್ಲೇ ಹಿಡಿದುಕೊಳ್ಳಿ, ಡಬ್ಬಿಂಗ್‌ನಲ್ಲಿ ಅದು ನಾಟಕ ಆಗುತ್ತೆ. ಶಾಟನ್ನು ಕೊನೇ ಬೀಟಿನ ಮೇಲೆ ಇನ್ನೂ ಎರಡು ಸೆಕೆಂಡಾದರೂ ಬಿಡಿ, ಅದಕ್ಕಾಗಿ ಚಿತ್ರೀಕರಣದ ದಿನ ‘ಕಟ್’ ಹೇಳೋದನ್ನು ಹತ್ತು ಸೆಕೆಂಡು ತಡ ಮಾಡಿ.