ಮೂರು ಹೆಸರು ಕೊಟ್ಟರೂ ಮೂರು ಸಲವೂ ಕೊನೆಯವನದೇ ಪ್ರಿಂಟ್ ಆಗ್ತಿದೆ (ಜಾವಾ)

ಹಾಸನ_ಮೂರನೇಸೆಮ್:
ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ಸ್ಟೂಡೆಂಟ್ ಅಂತ ಕ್ಲಾಸ್ (ಹೆಸರು, ಅಂಕ ಇಡೋ ಅಚ್ಚು) ಮಾಡಿ, ಅದರಿಂದ ಮಾಡಿದ ಮೂರು ಆಬ್ಜೆಕ್ಟ್ ಅರೇಗೆ (ಪಟ್ಟಿಗೆ) ಹಾಕಿ ಪ್ರಿಂಟ್ ಮಾಡಿದರೆ ಮೂರು ಸಾಲಲ್ಲೂ ಮಂಜುನಾಥ, 72. ಸುಮಾ, ರಫೀಕ್ ಇಬ್ಬರೂ ಮಾಯ. ಎರರ್ ಒಂದೂ ಇಲ್ಲ. ಮೊದಲ ವರ್ಷ ಸಿ ಹೇಗೋ ಪಾಸಾಯ್ತು, ಈ ಆಬ್ಜೆಕ್ಟ್ ಮಾತ್ರ ತಲೆಗೇ ಹತ್ತುತ್ತಿಲ್ಲ. ಶುಕ್ರವಾರ ಲ್ಯಾಬ್ ಇಂಟರ್ನಲ್ಸ್. ದಯವಿಟ್ಟು ಹೇಳಿ.

ತುಂಗಾತೀರ:
ಹೊಸ ಆಬ್ಜೆಕ್ಟ್ ಮಾಡೋ ನ್ಯೂ ಅನ್ನು ಲೂಪ್‌ನ ಹೊರಗೆ ಬರೆದಿದ್ದೀಯ. ಒಂದೇ ಆಬ್ಜೆಕ್ಟ್ ಮೂರು ಸಲ ಅರೇಗೆ ಹೋಗಿದೆ. ಒಳಗೆ ತಗೊಂಡು ಬಾ.

ಹಾಸನ_ಮೂರನೇಸೆಮ್:
ಒಳಗೇ ಇದೆ ಸರ್.

ತುಂಗಾತೀರ:
ಇನ್ನೊಮ್ಮೆ ನೋಡು. ಈ ಲಕ್ಷಣಕ್ಕೆ ನಾನು ಕಂಡ ಕಾರಣ ಅದೊಂದೇ.

ಕರಾವಳಿ_ಕೋಡರ್:
ಕೀಬೋರ್ಡ್‌ನಿಂದ ಓದುವ ಸ್ಕ್ಯಾನರ್‌ದು ತೊಂದರೆ ಇರಬಹುದು. ನೆಕ್ಸ್ಟ್‌ಇಂಟ್ ಅಂಕಿಯನ್ನಷ್ಟೇ ಓದಿ ಎಂಟರ್ ಬಿಟ್ಟುಬಿಡುತ್ತೆ, ಮುಂದಿನ ನೆಕ್ಸ್ಟ್‌ಲೈನ್‌ಗೆ ಖಾಲಿ ಸಾಲು ಸಿಗುತ್ತೆ.

ತುಂಗಾತೀರ:
ಹಾಗಿದ್ದರೆ ಹೆಸರು ಖಾಲಿ ಬರಬೇಕಿತ್ತು. ಮಂಜುನಾಥ ಮೂರು ಸಲ ಯಾಕೆ ಬರ್ತಾನೆ? ನ್ಯೂ ಎಲ್ಲಿದೆ ಅಂತ ಮೊದಲು ತೋರಿಸಲಿ.

ಧಾರವಾಡ_ಪೇಡೆ:
ತಮ್ಮಾ, ಅರೇದಾಗಿನ ಮೊದಲನೇದು, ಎರಡನೇದು ಈಕ್ವಲ್-ಈಕ್ವಲ್ ಹಾಕಿ ಪ್ರಿಂಟ್ ಮಾಡು. ಎರಡೂ ಒಂದ ಆಬ್ಜೆಕ್ಟ್ ಅಂತ ಟ್ರೂ ಬಂದ್ರ ತುಂಗಾತೀರ ಹೇಳಿದ್ದು ಖರೆ. ಫಾಲ್ಸ್ ಬಂದ್ರ ಕ್ಲಾಸ್‌ನಾಗ ಏನೈತಿ ಹೇಳು.

ಹಾಸನ_ಮೂರನೇಸೆಮ್:
ಫಾಲ್ಸ್ ಬಂತು ಅಣ್ಣ. ಕ್ಲಾಸ್‌ನಲ್ಲಿ ವಿಶೇಷ ಏನಿಲ್ಲ. ಸ್ಟ್ಯಾಟಿಕ್ ಸ್ಟ್ರಿಂಗ್ ಹೆಸರು, ಸ್ಟ್ಯಾಟಿಕ್ ಇಂಟ್ ಅಂಕ, ಆಬ್ಜೆಕ್ಟ್ ಮಾಡುವಾಗ ಇವನ್ನು ತುಂಬೋ ಕನ್‌ಸ್ಟ್ರಕ್ಟರ್, ಅದರ ಕೆಳಗೇ ಪ್ರೋಗ್ರಾಂ ಶುರುವಾಗೋ ಮೇನ್. ಮೊದಲು ನಾನ್-ಸ್ಟ್ಯಾಟಿಕ್ ವೇರಿಯಬಲ್ ಅಂತ ಏನೋ ಎರರ್ ಬಂದಿತ್ತು, ಎಲ್ಲದಕ್ಕೂ ಸ್ಟ್ಯಾಟಿಕ್ ಹಾಕಿದೆ, ಹೋಯ್ತು. ಸರಿಹೋಗಿದ್ದರಿಂದ ಇಲ್ಲಿ ಬರೀಲಿಲ್ಲ.

ಧಾರವಾಡ_ಪೇಡೆ:
ಅದನ್ನ ಮೊದಲ ಹೇಳಬೇಕಿತ್ತು! ಸಿ ಸ್ಟ್ರಕ್ಚರ್ ನೆನಪು ಮಾಡ್ಕೋ. ಮೂರು ಮಾಡಿದ್ರ ಮೂರಕ್ಕೂ ಹೆಸರಿಗೆ ಬ್ಯಾರೆ ಬ್ಯಾರೆ ಜಾಗಾ ಇರತೈತಿ. ಕ್ಲಾಸ್‌ನಾಗ ಸುಮ್ನ ಹೆಸರು ಅಂತ ಬರೆದ್ರೂ ಹಂಗ. ಸ್ಟ್ಯಾಟಿಕ್ ಹಚ್ಚಿದಿ ಅಂದ್ರ ಇಡೀ ಕ್ಲಾಸಿಗೆ ಸೇರಿ ಒಂದ ಜಾಗಾ. ಹಾಸ್ಟೆಲ್ ಬಾಗಲಕ್ಕ ತೂಗುಹಾಕಿದ ಒಂದ ಪಾಟಿ ಇದ್ದಂಗ. ಸುಮಾ ಬರೆದಳು, ರಫೀಕ್ ಅಳಿಸಿ ಬರೆದ, ಮಂಜುನಾಥ ಅದನ್ನೂ ಅಳಿಸಿ ಬರೆದ. ಆಬ್ಜೆಕ್ಟ್ ಮೂರು ಅದಾವ, ಪಾಟಿ ಒಂದ. ಎರಡೂ ಸ್ಟ್ಯಾಟಿಕ್ ತಗಿ.

ಹಾಸನ_ಮೂರನೇಸೆಮ್:
ತೆಗೆದೆ. ಹಳೇ ಎರರ್ ವಾಪಸ್ ಬಂತು, ಪ್ರಿಂಟ್ ಸಾಲಿನಲ್ಲಿ. ಅಲ್ಲಿ ಹೆಸರು ಮತ್ತು ಅಂಕ ಅಂತಷ್ಟೇ ಬರೆದಿದ್ದೀನಿ.

ಧಾರವಾಡ_ಪೇಡೆ:
ಯಾರ ಹೆಸರು? ಕಂಪೈಲರ್ ಅದನ್ನ ಕೇಳಾಕತ್ತೈತಿ. ಮೇನ್ ಸ್ಟ್ಯಾಟಿಕ್, ಅದನ್ನ ಕರೆಯಾಕ ಸ್ಟೂಡೆಂಟ್ ಆಬ್ಜೆಕ್ಟ್ ಒಂದೂ ಬೇಕಾಗಿಲ್ಲ. ಅದಕ್ಕ ಅಲ್ಲಿ ಬರೇ ಹೆಸರು ಅಂದ್ರ ಯಾರದು ಅಂತ ತಿಳಿಯಂಗಿಲ್ಲ. ಅರೇದ ಹೆಸರು, ಚೌಕ ಬ್ರಾಕೆಟ್‌ನಾಗ ಐ, ಆಮ್ಯಾಲೆ ಡಾಟ್ ಹಾಕಿ ಹೆಸರು ಬರಿ.

ತುಂಗಾತೀರ:
ನನ್ನ ಊಹೆ ತಪ್ಪಾಯ್ತು, ಒಪ್ಪಿದೆ. ಆದರೂ ಮೊದಲು ಸಿ ಪ್ಲಸ್ ಪ್ಲಸ್ ಕಲಿತಿದ್ದರೆ ಈ ಗೊಂದಲ ಇರುತ್ತಿರಲಿಲ್ಲ. ಕ್ಲಾಸ್ ಅಂದರೇನು ಅಂತ ಗೊತ್ತಾಗೋದೇ ಅಲ್ಲಿ.

ಕರಾವಳಿ_ಕೋಡರ್:
ಸಿ ಪ್ಲಸ್ ಪ್ಲಸ್‌ನಲ್ಲೂ ಸ್ಟ್ಯಾಟಿಕ್ ಮೆಂಬರ್ ಹೀಗೇ ಇದೆಯಲ್ಲ ಮಾರಾಯ್ರೆ. ಕ್ಲಾಸ್ ಹುಟ್ಟಿದ್ದೂ ಅಲ್ಲಲ್ಲ. 1967ರ ಹೊತ್ತಿಗೇ ನಾರ್ವೆಯ ಸಿಮ್ಯುಲಾ ಭಾಷೆಯಲ್ಲಿತ್ತು, ಸಿ ಪ್ಲಸ್ ಪ್ಲಸ್ ಮಾಡಿದ ಸ್ಟ್ರೌಸ್ಟ್ರಪ್ ಅಲ್ಲಿಂದ ತಗೊಂಡದ್ದು.

ಹಾಸನ_ಮೂರನೇಸೆಮ್:
ಬಂತು! ಸುಮಾ, ರಫೀಕ್, ಮಂಜುನಾಥ ಮೂವರೂ ಬಂದರು. ತುಂಬಾ ಥ್ಯಾಂಕ್ಸ್ ಅಣ್ಣ. ಒಟ್ಟು ಎಷ್ಟು ಜನ ಅಂತ ಎಣಿಸೋ ವೇರಿಯಬಲ್‌ಗೆ ಸ್ಟ್ಯಾಟಿಕ್ ಇರಲಿ ತಾನೇ?

ಧಾರವಾಡ_ಪೇಡೆ:
ಇರಲಿ. ಕನ್‌ಸ್ಟ್ರಕ್ಟರ್‌ನಾಗ ಒಂದು ಕೂಡಿಸು.

ಕರಾವಳಿ_ಕೋಡರ್:
ಅಂದ ಹಾಗೆ, ಜಾವಾದಲ್ಲಿ ವೇರಿಯಬಲ್ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಇಡೀ ಲೈಬ್ರರಿ ಪ್ರಾಜೆಕ್ಟ್ ಹಾಗೇ ಮಾಡಿದ್ದೇನೆ, ಪುಸ್ತಕ, ಓದುಗ, ದಂಡ ಎಲ್ಲ ಕನ್ನಡದಲ್ಲೇ.

ತುಂಗಾತೀರ:
ನಿಜವಾಗಿಯೂ? ನನ್ನ ವಿಂಡೋಸ್‌ನಲ್ಲಿ ಮಾಡಿದಾಗ ಕಂಪೈಲೇ ಆಗಲಿಲ್ಲ.

ಕರಾವಳಿ_ಕೋಡರ್:
ಜಾವಾ 18ಕ್ಕಿಂತ ಹಳೆಯದಿರಬೇಕು, ಅದು ವಿಂಡೋಸ್‌ನಲ್ಲಿ ಫೈಲನ್ನು ಯುಟಿಎಫ್-8 (ಕನ್ನಡವೂ ಸೇರಿದ ಅಕ್ಷರ ಸಂಕೇತ) ಅಂತ ತಾನಾಗಿ ಓದುವುದಿಲ್ಲ. ಕಂಪೈಲ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಕೊಟ್ಟು ನೋಡಿ. ಯಾವ ವರ್ಷನ್ ಹಾಕಿದ್ದೀರಿ?