ಅಪ್‌ಡೇಟ್: ಹುಬ್ಬಳ್ಳಿಯಲ್ಲಿ ರಾತ್ರಿ ಫೋಟೋಗೆ ಜಾಗ ಸಿಕ್ಕಿತು

ಹುಬ್ಬಳ್ಳಿ ನನಗೆ ಹೊಸ ಊರು, ರಾತ್ರಿ ಫೋಟೋ ತೆಗೆಯೋಕೆ ಎಲ್ಲಿಗೆ ಹೋಗಲಿ ಅಂತ ಕೇಳಿದ್ದೆ. ಜಾಸ್ತಿ ಜನ ಹೇಳಿದ್ದು ನೃಪತುಂಗ ಬೆಟ್ಟ ಮತ್ತು ಉಣಕಲ್ ಕೆರೆ. ಎರಡೂ ಕಡೆ ಹೋಗಿ ಬಂದೆ, ತುಂಬಾ ಥ್ಯಾಂಕ್ಸ್.

ಬೆಟ್ಟದಿಂದ ಊರು ಚೆನ್ನಾಗಿ ಕಾಣುತ್ತದೆ. ಗಾಳಿ ಮಾತ್ರ ಜೋರು, ಟ್ರೈಪಾಡ್‌ಗೆ ಬ್ಯಾಗ್ ನೇತು ಹಾಕಿ.

ನನಗೆ ಹಿಡಿಸಿದ್ದು ಕೆರೆ. ಪಕ್ಕದಲ್ಲೇ ಧಾರವಾಡ ರಸ್ತೆ ಅಲ್ವಾ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸುಗಳು ತಮ್ಮದೇ ಲೇನಿನಲ್ಲಿ ಹೋಗುತ್ತವೆ. ಹಾಗಾಗಿ ಅವುಗಳ ಬೆಳಕಿನ ಗೆರೆ ಬೇರೆ ಗಾಡಿಗಳ ಜತೆ ಕಲಸಿಕೊಳ್ಳದೆ ನೀಟಾಗಿ ಬರುತ್ತದೆ. ‘ಅಣ್ಣಾ, ಈ ಕಡೆ ಬರ್ರಿ, ಕಂಬ ಅಡ್ಡ ಬರಂಗಿಲ್ಲ’ ಅಂತ ಗಿರ್ಮಿಟ್ ಮಾರುವವರೊಬ್ಬರು ಜಾಗ ತೋರಿಸಿದರು. ಅಲ್ಲೇ ನಿಂತೆ. ಕ್ಯಾಮೆರಾ ಸೆಟ್ಟಿಂಗ್: ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸ್ ತೆರೆದಿರೋ ಅಳತೆ ಎಫ್/8, ಗೆರೆ ಮೂಡೋಕೆ ಶಟರ್ 15 ಸೆಕೆಂಡ್ ತೆರೆದಿಟ್ಟೆ, ಜತೆಗೆ ಬಟನ್ ಒತ್ತುವಾಗ ಅಲುಗದಿರಲಿ ಅಂತ 2 ಸೆಕೆಂಡ್ ಟೈಮರ್. ಸೂರ್ಯ ಮುಳುಗಿ ಅರ್ಧ ಗಂಟೆಯೊಳಗೆ ತೆಗೆದವೇ ಚೆನ್ನ. ಆಗ ಆಕಾಶ ಇನ್ನೂ ನೀಲಿ, ಕೆರೆ ನಡುವಿನ ವಿವೇಕಾನಂದರ ಮೂರ್ತಿಯ ಅಂಚು ಸ್ಪಷ್ಟ. ಪೂರ್ತಿ ಕತ್ತಲಾದರೆ ಮೂರ್ತಿ, ಆಕಾಶ ಎರಡೂ ಒಂದೇ ಕಪ್ಪು.

ಮುಂದೆ ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ ತೆಗೆಯುವ ಆಸೆ. ಟ್ರೈಪಾಡ್ ಇಡೋ ಮೊದಲು ಸ್ಟೇಷನ್ ಮಾಸ್ಟರ್ ಹತ್ತಿರ ಕೇಳುತ್ತೇನೆ. ಅಲ್ಲಿ ತೆಗೆದವರು ಯಾರಾದರೂ ಇದ್ದರೆ ಯಾವ ತುದಿ ಒಳ್ಳೇದು ಹೇಳಿ.